ಓರ್ಕ್‌ಗಳು ಎಂಥ ಖಳರು?

ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕಾದಂಬರಿಯಲ್ಲಿ ಓರ್ಕ್‌ಗಳೆಂಬ ಕಾಲ್ಪನಿಕ ಕುಲದವರು ಹುಟ್ಟಾ ಕ್ರೂರಿಗಳು. ಅವರನ್ನು ಕೊಂದವರಿಗೆ ಪಾಪಪ್ರಜ್ಞೆ ಕಾಡುವುದಿಲ್ಲ. ಯುದ್ಧದ ಕಥೆಗೆ ಇದು ಅನುಕೂಲ. ಆದರೆ ಕೆಡುಕನ್ನು ತಾನಾಗಿ ಆರಿಸಿಕೊಳ್ಳದವನು ಖಳನಾಗಿ ಸಪ್ಪೆ. ಅಧಿಕಾರದಾಸೆಗೆ ಬಿದ್ದು ಕೆಟ್ಟ ಮಾಂತ್ರಿಕ ಸರುಮಾನನೇ ಹೆಚ್ಚು ನೆನಪಲ್ಲಿ ಉಳಿಯುತ್ತಾನೆ. ಇಡೀ ಕುಲವೇ ಉದ್ಧಾರಕ್ಕೆ ಹೊರತು ಎಂಬುದು ಶ್ರದ್ಧಾವಂತ ಕ್ಯಾಥೊಲಿಕ್ ಆಗಿದ್ದ ಟೋಲ್ಕಿನ್‌ರಿಗೂ ಹಿಡಿಸಲಿಲ್ಲ. ಓರ್ಕ್‌ಗಳ ಮೂಲದ ಕಥೆಯನ್ನು ಅವರು ಮತ್ತೆ ಮತ್ತೆ ತಿದ್ದಿದರು.

ಆದರೆ ಕಾದಂಬರಿಯ ಎರಡನೆಯ ಸಂಪುಟದ ಕೊನೆಯಲ್ಲಿ ಶಾಗ್ರಾಟ್, ಗೋರ್ಬಾಗ್ ಎಂಬ ಇಬ್ಬರು ಓರ್ಕ್ ದಳಪತಿಗಳು ಮೇಲಿನವರನ್ನು ಬೈದುಕೊಳ್ಳುತ್ತಾ, ಯುದ್ಧ ಮುಗಿದರೆ ನಂಬಿಕಸ್ಥ ಹುಡುಗರನ್ನು ಕಟ್ಟಿಕೊಂಡು ದೊಡ್ಡವರ ಕಾಟವಿಲ್ಲದ ಕಡೆ ಲೂಟಿ ಮಾಡಿಕೊಂಡಿರೋಣ ಎಂದು ಮಾತಾಡಿಕೊಳ್ಳುತ್ತಾರೆ. ಓರ್ಕ್‌ಗಳಿಗೆ ಜೀವ ಬರುವುದು ಇಲ್ಲೇ. ಒಳ್ಳೆಯತನದಿಂದಲ್ಲ, ಈ ಗೊಣಗಾಟದಿಂದ. ಮುಂದೆ ಒಂದು ಬೆಲೆಬಾಳುವ ಕವಚಕ್ಕಾಗಿ ಇಬ್ಬರ ಪಡೆಗಳೂ ಹೊಡೆದಾಡಿ ಸಾಯುತ್ತವೆ.