ಕೊಳಕು ನೀರಲ್ಲಿ ಮಾಯ್ದ ಗಾಯ

1980ರ ದಶಕದ ನಡುವಿನ ಮಾತು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ಝಾಸ್ಲಾಫ್ ಅವರಿಗೆ ಕಪ್ಪೆಗಳಿಂದ ಬೇಕಾಗಿದ್ದದ್ದು ಅಂಡಾಣುಗಳು ಮಾತ್ರ. ಮಕ್ಕಳ ವೈದ್ಯರಾಗಿದ್ದು ತಳಿವಿಜ್ಞಾನಕ್ಕೆ ಹೊರಳಿದ್ದ ಅವರು, ಜೀನ್‌ಗಳ ಕೆಲಸವನ್ನು ಜೀವಕೋಶದೊಳಗೇ ಇಣುಕಿ ನೋಡಲು ಆಫ್ರಿಕಾದ ಉಗುರುಗಪ್ಪೆಯ ದಪ್ಪ ಅಂಡಾಣುಗಳನ್ನು ಬಳಸುತ್ತಿದ್ದರು. ಕಪ್ಪೆಗೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು, ಅಂಡಾಶಯ ತೆಗೆದು, ಹೊಲಿಗೆ ಹಾಕಿ ತೊಟ್ಟಿಗೆ ಮರಳಿ ಬಿಡುವುದು ಅಲ್ಲಿನ ನಿತ್ಯದ ರೂಢಿ. ತೊಟ್ಟಿಯ ನೀರೇನೂ ಕುದಿಸಿ ಸೋಸಿದ್ದಲ್ಲ. ಕಪ್ಪೆಯ ಮಲಮೂತ್ರವೂ ಅದರಲ್ಲೇ, ಬ್ಯಾಕ್ಟೀರಿಯಾಗಳೂ ಅದರಲ್ಲೇ. ಮನುಷ್ಯನನ್ನು ಆಪರೇಷನ್ ಮುಗಿದ ಕೂಡಲೇ ಅಂಥ ನೀರಲ್ಲಿ ಇಳಿಬಿಟ್ಟರೆ ಗಾಯ ಕೀವುಗಟ್ಟುವುದು ಖಂಡಿತ. ಕಪ್ಪೆಯ ಹೊಲಿಗೆ ಮಾತ್ರ ಊದದೆ, ಕೀವಾಗದೆ ಮಾಯುತ್ತಿತ್ತು.

ಇದನ್ನು ಕಂಡವರಲ್ಲಿ ಝಾಸ್ಲಾಫ್ ಮೊದಲಿಗರೇನಲ್ಲ. ಆ ಹೊತ್ತಿಗೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಈ ಕಪ್ಪೆಯ ಹೊಟ್ಟೆಗೆ ಕತ್ತರಿ ಬಿದ್ದಿತ್ತು. ದಕ್ಷಿಣ ಆಫ್ರಿಕಾದ ಕೊಳಗಳ ಈ ಪ್ರಾಣಿ ಖಂಡಾಂತರ ಹೋದ ಕಥೆಯೇ ಸ್ವಾರಸ್ಯದ್ದು. ಕೇಪ್‌ಟೌನ್‌ನಲ್ಲಿ ಪಾಠ ಹೇಳುತ್ತಿದ್ದ ಬ್ರಿಟಿಷ್ ಪ್ರಾಣಿವಿಜ್ಞಾನಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್, ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಹೆಣ್ಣು ಉಗುರುಗಪ್ಪೆ ಮೊಟ್ಟೆಯಿಡುತ್ತದೆಂದು 1930ರ ಸುಮಾರಿಗೆ ತೋರಿಸಿದ್ದರು. ಗರ್ಭಿಣಿಯ ಮೂತ್ರವೂ ಅದನ್ನೇ ಮಾಡುತ್ತದೆಂದು ಗೊತ್ತಾದ ಮೇಲೆ ಕಪ್ಪೆಯೇ ಬಸಿರಿನ ಪರೀಕ್ಷೆಯಾಯಿತು. ಸಂಜೆ ಚುಚ್ಚಿದರೆ ಬೆಳಗಾಗುವಷ್ಟರಲ್ಲಿ ಉತ್ತರ. ಆಸ್ಪತ್ರೆಗಳಿಗೆಂದು ಕಪ್ಪೆಗಳು ಹಡಗು ಹತ್ತಿದವು. ರಾಸಾಯನಿಕ ಪರೀಕ್ಷೆಗಳು ಬಂದು ಈ ಕೆಲಸ ತಪ್ಪಿದಾಗಲೂ ಭ್ರೂಣವಿಜ್ಞಾನಿಗಳು ಅವನ್ನು ಕೈಬಿಡಲಿಲ್ಲ. ಅಷ್ಟು ವರ್ಷ, ಅಷ್ಟು ಕೈಗಳು, ಅಷ್ಟೊಂದು ಹೊಲಿಗೆಗಳು. ಗಾಯ ಮಾಯುವುದನ್ನು ಎಲ್ಲರೂ ಅನುಕೂಲವೆಂದು ಕಂಡರು. ಅದನ್ನೊಂದು ಪ್ರಶ್ನೆಯೆಂದು ಕಂಡದ್ದು ಝಾಸ್ಲಾಫ್ ಅವರ ಹೆಚ್ಚುಗಾರಿಕೆ.

ಅವರು ಕಪ್ಪೆಯ ತೊಗಲನ್ನು ಅರೆದು ಸಾರ ತೆಗೆದರು. ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಯಾವ ಭಾಗ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಂದು ಪರೀಕ್ಷಿಸುತ್ತ ಹೋದರು. ಕೊನೆಗೆ ಕೈಗೆ ಸಿಕ್ಕಿದ್ದು ಎರಡು ಪುಟ್ಟ ಪೆಪ್ಟೈಡ್‌ಗಳು. ಒಂದೊಂದರಲ್ಲೂ 23 ಅಮೈನೊ ಆಮ್ಲಗಳು. ಎರಡಕ್ಕೂ ವ್ಯತ್ಯಾಸವಿದ್ದದ್ದು ಎರಡೇ ಜಾಗದಲ್ಲಿ. ಮ್ಯಾಗೈನಿನ್ ಎಂದು ಹೆಸರಿಟ್ಟು 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಹಲವು ಜಾತಿಯ ಬ್ಯಾಕ್ಟೀರಿಯಾಗಳ ಜೊತೆಗೆ ಶಿಲೀಂಧ್ರಗಳನ್ನೂ ಇವು ತಡೆಯುತ್ತಿದ್ದವು. ಏಕಕೋಶದ ಪ್ರೊಟೊಜೋವಾಗಳಂತೂ ನೀರು ಕುಡಿದು ಉಬ್ಬಿ ಒಡೆಯುತ್ತಿದ್ದವು. ಪತ್ರಿಕೆಗಳು ಪೆನಿಸಿಲಿನ್‌ನ ಹೆಸರೆತ್ತಿದವು.

ಕೇಂಬ್ರಿಡ್ಜ್‌ನ ರಸಾಯನವಿಜ್ಞಾನಿಗಳ ಗುಂಪೊಂದು ಅದೇ ಕಾಲಕ್ಕೆ ಅದೇ ಕಪ್ಪೆಯ ಚರ್ಮದಲ್ಲಿ ಇವೇ ಪೆಪ್ಟೈಡ್‌ಗಳನ್ನು ಕಂಡಿತ್ತು. ಅಮೈನೊ ಆಮ್ಲಗಳ ಸರಣಿಯನ್ನೂ ಓದಿ ಮುಗಿಸಿತ್ತು. ಅವುಗಳ ಕೆಲಸವೇನೆಂದು ಬ್ಯಾಕ್ಟೀರಿಯಾದ ಮುಂದಿಟ್ಟು ಕೇಳಿರಲಿಲ್ಲ, ಅಷ್ಟೆ.

ಕಪ್ಪೆಯ ತೊಗಲು ರಾಸಾಯನಿಕಗಳ ಉಗ್ರಾಣವೆಂಬುದು ಇನ್ನೂ ಹಿಂದಿನ ಸುದ್ದಿ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ತಮ್ಮ ಬದುಕಿನ ದೊಡ್ಡ ಭಾಗವನ್ನು ಇದಕ್ಕೇ ಕೊಟ್ಟವರು. ಸೆರೊಟೋನಿನ್ ಎಂದು ನಾವಿಂದು ಕರೆಯುವ ವಸ್ತುವನ್ನು 1930ರ ದಶಕದಲ್ಲೇ ಕರುಳಿನಲ್ಲಿ ಗುರುತಿಸಿದ್ದ ಈ ಔಷಧವಿಜ್ಞಾನಿ, ಆಮೇಲೆ ದೇಶದೇಶಗಳ ಕಪ್ಪೆಗಳ ಚರ್ಮ ತರಿಸಿಕೊಂಡು ಸಾರ ತೆಗೆದರು. ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯಿಂದ ಸಿಕ್ಕ ಸೆರುಲೀನ್ ಪಿತ್ತಕೋಶವನ್ನು ಹಿಂಡುವಂಥದ್ದು. ಯುರೋಪಿನ ಬೆಂಕಿಹೊಟ್ಟೆಯ ಕಪ್ಪೆಯಲ್ಲಿ ಬಾಂಬೆಸಿನ್ ಸಿಕ್ಕಿತು, ದಕ್ಷಿಣ ಅಮೆರಿಕದ ಎಲೆಗಪ್ಪೆಯಲ್ಲಿ ಮಾರ್ಫಿನ್ನಿನಂತೆ ನೋವು ಮರೆಸುವ ಡರ್ಮಾರ್ಫಿನ್. ಕಪ್ಪೆಯ ತೊಗಲಲ್ಲಿ ಕಂಡದ್ದರ ನೆಂಟರು ನಮ್ಮ ಕರುಳಲ್ಲೂ ಮಿದುಳಲ್ಲೂ ಇದ್ದಾರೆಂಬುದು ಎರ್ಸ್‌ಪಾಮರ್ ಅವರ ವಾದ. ಅದು ಮತ್ತೆ ಮತ್ತೆ ನಿಜವಾಯಿತು. ಅವರ ಕಣ್ಣೆಲ್ಲ ಹಾರ್ಮೋನಿನಂಥ ವಸ್ತುಗಳ ಮೇಲಿತ್ತು. ಸೂಕ್ಷ್ಮಾಣುಗಳನ್ನು ಕೊಲ್ಲುವ ಪೆಪ್ಟೈಡೂ ಕಪ್ಪೆಯಲ್ಲಿದೆಯೆಂದು 1970ರಲ್ಲೇ ಆಸ್ಟ್ರಿಯಾದಲ್ಲಿ ಬಾಂಬಿನಿನ್ ಸುಳಿವು ಕೊಟ್ಟಿತ್ತು. ಆದರೆ ಅದು ರಕ್ತಕಣಗಳನ್ನೂ ಒಡೆಯುತ್ತಿದ್ದುದರಿಂದ ಔಷಧದ ಕನಸನ್ನು ಯಾರೂ ಕಟ್ಟಲಿಲ್ಲ. ಸ್ವೀಡನ್ನಿನಲ್ಲಿ ಹಾನ್ಸ್ ಬೋಮನ್ ರೇಷ್ಮೆಪತಂಗದ ಪ್ಯೂಪಾಗಳಿಂದ ಸಿಕ್ರೋಪಿನ್ ಎಂಬ ಇಂಥದೇ ಪೆಪ್ಟೈಡ್ ತೆಗೆದದ್ದು 1981ರಲ್ಲಿ. ನಮ್ಮ ಬಿಳಿ ರಕ್ತಕಣಗಳ ಡಿಫೆನ್ಸಿನ್‌ಗಳು ಬೆಳಕಿಗೆ ಬಂದದ್ದು 1985ರಲ್ಲಿ. ಹೀಗೆ ನೆಲ ಹದವಾಗಿತ್ತು.

ಈ ಆಯುಧ ಕಪ್ಪೆಯ ಮೈಮೇಲೆ ಸದಾ ಹರಿಯುತ್ತಿರುವುದಿಲ್ಲ. ತೊಗಲಿನೊಳಗಿನ ಹರಳುಗ್ರಂಥಿಗಳಲ್ಲಿ ಅದರ ದಾಸ್ತಾನು. ಪೆಟ್ಟು ಬಿದ್ದರೆ, ಹಾವು ಕಚ್ಚಿದರೆ, ಅಡ್ರಿನಲಿನ್ ಏರಿದರೆ ಗ್ರಂಥಿಯ ಸುತ್ತಲಿನ ಸ್ನಾಯು ಬಿಗಿದು, ಹಾಲಿನಂಥ ದ್ರವ ಮೈಮೇಲೆ ಚಿಮ್ಮುತ್ತದೆ. ಕಪ್ಪೆಯದೇ ಕಿಣ್ವಗಳು ಸ್ವಲ್ಪ ಹೊತ್ತಿನಲ್ಲಿ ಆ ಪೆಪ್ಟೈಡ್‌ಗಳನ್ನು ತುಂಡರಿಸಿ ಮುಗಿಸುತ್ತವೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೊಲ್ಲುವ ಬಗೆಯೂ ನೇರವಾದದ್ದು. ಪೆನಿಸಿಲಿನ್‌ನಂಥ ಔಷಧ ಬ್ಯಾಕ್ಟೀರಿಯಾದ ಯಾವುದೋ ಕಿಣ್ವವೊಂದಕ್ಕೆ ಅಡ್ಡ ಕೂರುತ್ತದೆ; ಬ್ಯಾಕ್ಟೀರಿಯಾ ಬೀಗ ಬದಲಿಸಿಕೊಂಡರೆ ಔಷಧದ ಆಟ ನಡೆಯದು. ಮ್ಯಾಗೈನಿನ್ ಬಾಗಿಲ ಗೊಡವೆಗೆ ಹೋಗದ ಕನ್ನಗಳ್ಳ, ಗೋಡೆಯನ್ನೇ ಕೊರೆಯುತ್ತದೆ. ಅದರ ಮೈಯಲ್ಲಿ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಪೊರೆಯ ಹೊರಮೈಯಲ್ಲಿ ಋಣ. ಎರಡೂ ಸೆಳೆದುಕೊಳ್ಳುತ್ತವೆ. ಪೊರೆಗೆ ತಾಗಿದೊಡನೆ ಪೆಪ್ಟೈಡ್ ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲಿಗೆ ನೀರಿನ ನೆಂಟಸ್ತಿಕೆ, ಇನ್ನೊಂದಕ್ಕೆ ಕೊಬ್ಬಿನದು. ಹಾಗಾಗಿ ಪೊರೆಯೊಳಗೆ ನುಸುಳಿ ರಂಧ್ರ ಕೊರೆಯುತ್ತದೆ, ಒಳಗಿನದು ಸೋರಿಹೋಗುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಂಥ ಋಣ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಕೊಲೆಸ್ಟೆರಾಲಿನ ಗಟ್ಟಿತನ ಬೇರೆ. ಅದರಿಂದ ಬಹುಮಟ್ಟಿಗೆ ಬಚಾವು.

ಹಾಲು ಕೆಡದಿರಲೆಂದು ಅದರೊಳಗೆ ಕಪ್ಪೆ ಬಿಡುವ ಪದ್ಧತಿ ಹಿಂದೆ ರಷ್ಯಾದ ಹಳ್ಳಿಗಳಲ್ಲಿತ್ತಂತೆ. ಮಾಸ್ಕೋದ ರಸಾಯನವಿಜ್ಞಾನಿ ಆಲ್ಬರ್ಟ್ ಲೆಬೆಡೆವ್ ಮತ್ತು ಸಂಗಡಿಗರು ಅಲ್ಲಿನ ಕಂದುಗಪ್ಪೆಯ ಚರ್ಮಸ್ರಾವವನ್ನು ಜಾಲಾಡಿ, ಮೊದಲೇ ಗೊತ್ತಿದ್ದವುಗಳ ಜೊತೆಗೆ ಇನ್ನೂ 76 ಪೆಪ್ಟೈಡ್‌ಗಳನ್ನು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿಯೇ ತಡೆದವು. ಅಜ್ಜಿಯರು ಮಾಡುತ್ತಿದ್ದದ್ದು ಸುಳ್ಳಲ್ಲ. ಆ ಹಾಲಿನಲ್ಲಿ ಮಾಡಿದ ಕಾಫಿ ಬೇಡವೆಂದರೂ ತಪ್ಪಲ್ಲ.

ಝಾಸ್ಲಾಫ್ ಸರ್ಕಾರಿ ಪ್ರಯೋಗಾಲಯ ಬಿಟ್ಟು ಪೆನ್ಸಿಲ್ವೇನಿಯಾದಲ್ಲಿ ಮ್ಯಾಗೈನಿನ್ ಹೆಸರಿನದೇ ಕಂಪನಿ ಕಟ್ಟಿದರು. ಅಲ್ಲಿ ಪೆಪ್ಟೈಡನ್ನು ತಿದ್ದಿ ತೀಡಿ 22 ಅಮೈನೊ ಆಮ್ಲಗಳ ಪೆಕ್ಸಿಗಾನನ್ ಮಾಡಿದರು. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಆದ್ದರಿಂದ ಹಚ್ಚುವ ಮುಲಾಮು. ಆಯ್ದುಕೊಂಡ ಕಾಯಿಲೆ, ಸಕ್ಕರೆ ಕಾಯಿಲೆಯವರ ಕಾಲಿನ ಸೋಂಕಿನ ಹುಣ್ಣು. ನಮ್ಮಲ್ಲಿ ಮನೆಗೊಬ್ಬರಾದರೂ ಮಧುಮೇಹಿಗಳಿರುವಾಗ ಆ ಹುಣ್ಣಿನ ಭಯವನ್ನು ವಿವರಿಸಬೇಕಿಲ್ಲ. ಎರಡು ದೊಡ್ಡ ಪ್ರಯೋಗಗಳಲ್ಲಿ ಒಟ್ಟು 835 ರೋಗಿಗಳು ಭಾಗವಹಿಸಿದರು. ಕೆಲವರಿಗೆ ಕಪ್ಪೆಯ ಮುಲಾಮು, ಕೆಲವರಿಗೆ ಓಫ್ಲಾಕ್ಸಾಸಿನ್ ಮಾತ್ರೆ. ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಅಷ್ಟು ಸಾಲಲಿಲ್ಲ. 1999ರಲ್ಲಿ ಒಪ್ಪಿಗೆ ನಿರಾಕರಿಸಿತು. ಮಾತ್ರೆಗೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿದ್ದ ಕಾಲದಲ್ಲಿ ಬೇರೆಯೇ ದಾರಿಯಿಂದ ಬಂದ, ಮಾತ್ರೆಗೆ ಸಮನಾದ ಮುಲಾಮನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಸರಿಯೇ ಎಂದು ನನಗೆ ಈಗಲೂ ಅನುಮಾನ. ಕಂಪನಿ 2001ರಲ್ಲಿ ಜೆನೇರಾ ಎಂದು ಹೆಸರು ಬದಲಿಸಿಕೊಂಡಿತು, 2009ರಲ್ಲಿ ಮುಚ್ಚಿತು. ಇನ್ನೊಂದು ಕಂಪನಿ ಅದೇ ಪೆಕ್ಸಿಗಾನನ್ ಹಿಡಿದು ಮತ್ತೆ ಪ್ರಯೋಗಕ್ಕಿಳಿಯಿತು. 2016ರಲ್ಲಿ ಫಲಿತಾಂಶ ಬಂದಾಗ, ಔಷಧವಿಲ್ಲದ ಬರಿಯ ಮುಲಾಮಿಗಿಂತ ಅದು ಮೇಲೆಂದು ತೋರಲಿಲ್ಲ. ಹಾಗಾದರೆ ಎಫ್‌ಡಿಎ ಮಾಡಿದ್ದೇ ಸರಿಯಿತ್ತೇನೊ!

ಇದರ ನಡುವೆ ನಡೆದ ಒಂದು ಪಂಥ ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟ. ಬ್ಯಾಕ್ಟೀರಿಯಾಗಳು ಇಂಥ ಪೆಪ್ಟೈಡ್‌ಗಳಿಗೆ ಒಗ್ಗಿಕೊಳ್ಳುವುದು ಕಷ್ಟಸಾಧ್ಯ, ಪೊರೆಯ ರಚನೆಯನ್ನೇ ಬದಲಿಸಿಕೊಂಡು ಅವು ಬದುಕುವುದಾದರೂ ಹೇಗೆ ಎಂದು ಝಾಸ್ಲಾಫ್ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದ್ದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಕಾಸವಿಜ್ಞಾನಿ ಗ್ರಹಾಂ ಬೆಲ್ ಒಪ್ಪಲಿಲ್ಲ. ಒಗ್ಗುತ್ತವೆ, ಒಗ್ಗಿದರೆ ನಮ್ಮದೇ ಮೈಯ ಇಂಥ ಪೆಪ್ಟೈಡ್‌ಗಳಿಗೂ ಬಗ್ಗದೇ ಹೋಗಬಹುದು ಎಂಬುದು ಅವರ ಎಚ್ಚರಿಕೆ. ಜಗಳವನ್ನು ಲೇಖನಗಳಲ್ಲೇ ಬೆಳೆಸುವ ಬದಲು ಇಬ್ಬರೂ ಸೇರಿ ಪ್ರಯೋಗಕ್ಕೆ ಕೂತರು. ಗ್ಯಾಬ್ರಿಯಲ್ ಪೆರೋನ್ ಎಂಬ ಕಿರಿಯ ಸಂಶೋಧಕ, ಪೆಕ್ಸಿಗಾನನ್‌ನ ಪ್ರಮಾಣವನ್ನು ನಿಧಾನ ಏರಿಸುತ್ತ 24 ಬ್ಯಾಕ್ಟೀರಿಯಾ ವಂಶಗಳನ್ನು ಸಾಕಿದರು. 600-700 ತಲೆಮಾರು ಕಳೆಯುವಷ್ಟರಲ್ಲಿ 22 ವಂಶಗಳು ಒಗ್ಗಿಕೊಂಡಿದ್ದವು. 2006ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಝಾಸ್ಲಾಫ್ ಅವರ ಹೆಸರೂ ಇದೆ. ತನ್ನ ವಾದವನ್ನು ತಾನೇ ಕೆಡವುವ ಕೆಲಸಕ್ಕೆ ಸಹಿ ಹಾಕುವವರು ವಿಜ್ಞಾನದಲ್ಲೂ ಸಿಗುವುದು ಅಪರೂಪ.

ಹಾಗಾದರೆ ಕೋಟ್ಯಂತರ ವರ್ಷಗಳಿಂದ ಕಪ್ಪೆಗಳಿಗೆ ಇದು ನಡೆದು ಬಂದದ್ದು ಹೇಗೆ? ಕಿಣ್ವಗಳ ಮಾತು ಇಲ್ಲಿ ಬೇಕಾಗುತ್ತದೆ. ಕಪ್ಪೆ ಒಂದು ಸಲಕ್ಕೆ ಒಂದೇ ಪೆಪ್ಟೈಡ್ ಬಿಡುವುದಿಲ್ಲ. ಹತ್ತಾರನ್ನು ಬೆರೆಸಿ ಬಿಡುತ್ತದೆ. ದಂಡಿಯಾಗಿ, ಮೈಮೇಲೆ ಮಾತ್ರ, ಸ್ವಲ್ಪ ಹೊತ್ತು. ಆಮೇಲೆ ತಾನೇ ಅಳಿಸಿಹಾಕುತ್ತದೆ. ಅರೆಪ್ರಮಾಣದಲ್ಲಿ ದಿನಗಟ್ಟಲೆ ಉಳಿದು ಬ್ಯಾಕ್ಟೀರಿಯಾಗಳಿಗೆ ಪಾಠ ಕಲಿಸಲು ಅದು ಅವಕಾಶ ಕೊಡುವುದಿಲ್ಲ. ನಾವು ಆ ಮಿಶ್ರಣದಿಂದ ಒಂದನ್ನು ಹೆಕ್ಕಿ, ತಿದ್ದಿ ತೀಡಿ, ಟ್ಯೂಬಿಗೆ ತುಂಬಿ, ಎರಡೆರಡು ವಾರ ಹಚ್ಚಿಸಲು ಹೊರಟೆವು. ಅಣುವನ್ನು ಕಪ್ಪೆಯಿಂದ ತಂದೆವು, ಬಳಸುವ ಕ್ರಮವನ್ನು ಅಲ್ಲೇ ಬಿಟ್ಟು ಬಂದೆವು ಎಂದು ನನಗನ್ನಿಸುತ್ತದೆ.

ಕಪ್ಪೆಯ ಕ್ರಮವೂ ಎಲ್ಲ ಶತ್ರುಗಳ ಮುಂದೆ ನಡೆಯದು. ಕೈಟ್ರಿಡ್ ಎಂಬ ಶಿಲೀಂಧ್ರ ಚರ್ಮಕ್ಕೇ ಹತ್ತಿ ಕಪ್ಪೆಗಳನ್ನು ಕೊಲ್ಲುತ್ತಿದೆಯೆಂದು ತಿಳಿದದ್ದು 1990ರ ದಶಕದ ಕೊನೆಗೆ. ಅದರಿಂದ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ, 90 ಪ್ರಭೇದಗಳು ಅಳಿದೇ ಹೋಗಿರಬಹುದೆಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಚರ್ಮದ ಪೆಪ್ಟೈಡ್‌ಗಳು ಈ ಶಿಲೀಂಧ್ರವನ್ನು ತಡೆಯಬಲ್ಲವೆಂದು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲೂಯಿಸ್ ರಾಲಿನ್ಸ್-ಸ್ಮಿತ್ ತೋರಿಸಿದ್ದಾರೆ. ಆದರೆ ಎಲ್ಲ ಕಪ್ಪೆಗಳ ಮಿಶ್ರಣ ಒಂದೇ ಅಲ್ಲ. ಕೆಲವು ಉಳಿದವು, ಕೆಲವು ಹೋದವು.

ನಮ್ಮ ಪಶ್ಚಿಮಘಟ್ಟದ ಪಾಲೂ ಈ ಕಥೆಯಲ್ಲಿದೆ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದವರು ಘಟ್ಟದ ಕಪ್ಪೆಗಳಿಗೆ ಸಣ್ಣಗೆ ವಿದ್ಯುತ್ ತಾಗಿಸಿ, ಚರ್ಮಸ್ರಾವ ಒರೆಸಿಕೊಂಡು, ಮತ್ತೆ ಕಾಡಿಗೆ ಬಿಡುವ ಕೆಲಸ ಮಾಡುತ್ತ ಬಂದಿದ್ದಾರೆ. ಅಲ್ಲಿ ಸಿಕ್ಕ 32 ಪೆಪ್ಟೈಡ್‌ಗಳನ್ನು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೋಶಿ ಜೇಕಬ್ ಅವರ ತಂಡ ಫ್ಲೂ ವೈರಸ್ಸಿನ ಮೇಲೆ ಪ್ರಯೋಗಿಸಿತು. ನಾಲ್ಕು ಕೆಲಸ ಮಾಡಿದವು, ಆದರೆ ಮನುಷ್ಯನ ರಕ್ತಕಣಗಳಿಗೆ ಕೇಡು ಮಾಡದೆ ಉಳಿದದ್ದು ಒಂದೇ. ಕೇರಳದ ಬಳುಕುವ ಕತ್ತಿ ಉರುಮಿಯ ಹೆಸರಿನಲ್ಲಿ ಅದಕ್ಕೆ ಉರುಮಿನ್ ಎಂದರು. ಎಚ್1 ಬಗೆಯ ವೈರಸ್ಸಿನ ಹೊರಮುಳ್ಳಿನ ಕಾಂಡಕ್ಕೆ ಅಂಟಿ ಅದನ್ನು ಒಡೆಯುತ್ತದೆ. ಮೂಗಿಗೆ ಹಾಕಿದಾಗ ಇಲಿಗಳನ್ನು ಕಾಪಾಡಿತು. ಎಚ್3 ಬಗೆಯ ಮೇಲೆ ಪರಿಣಾಮವಿಲ್ಲ. 2017ರಲ್ಲಿ ‘ಇಮ್ಯೂನಿಟಿ’ ಪತ್ರಿಕೆಯಲ್ಲಿ ಈ ಪ್ರಬಂಧ ಬಂತು. ಉರುಮಿನ್ ಕೊಟ್ಟ ಕಪ್ಪೆ ಮಹಾರಾಷ್ಟ್ರ, ಗೋವಾದಿಂದ ಹಿಡಿದು ನಮ್ಮ ಘಟ್ಟದ ಸೀಮೆಯನ್ನೂ ದಾಟಿ ಕೇರಳದವರೆಗೆ ಕಾಣುವ ಹೈಡ್ರೋಫೈಲಾಕ್ಸ್ ಬಹುವಿಸ್ತಾರ. ಇಷ್ಟು ದೂರ ಹಬ್ಬಿರುವ ಕಪ್ಪೆಯನ್ನು ವಿಜ್ಞಾನಿಗಳು ಮಲಬಾರಿನ ಇನ್ನೊಂದು ಪ್ರಭೇದವೆಂದೇ ಎಣಿಸುತ್ತ ಬಂದಿದ್ದರು. ಪ್ರತ್ಯೇಕ ಪ್ರಭೇದವೆಂದು ಅದಕ್ಕೆ ಹೆಸರು ಸಿಕ್ಕಿದ್ದು 2015ರಲ್ಲಿ.