ವಾಡೆಯ ಮಾರಾಟ: ಕೃಷ್ಣಾ ತೀರದ ಹಳೆಯ ಮನೆಗಳ ಮರಗೆಲಸ ಮತ್ತು ಅದರ ಬೆಲೆ

ಗಲಗಲಿ ಬೀಳಗಿ ತಾಲ್ಲೂಕಿನ ಕೃಷ್ಣಾ ತೀರದ ಊರು. ಗಾಲವ ಋಷಿಯ ಹೆಸರಿನೊಡನೆ ಸ್ಥಳಪುರಾಣ ಬೆಸೆದುಕೊಂಡಿರುವ, ಹರಿದಾಸ ಸಾಹಿತ್ಯಕ್ಕೆ ಗಲಗಲಿ ಅವ್ವನನ್ನು ನೀಡಿದ ಈ ಸೀಮೆಯಲ್ಲಿ ಹಳೆಯ ವಾಡೆಯೊಂದು ಮಾರಾಟಕ್ಕಿದೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ನೆಲಸಹಿತ ಮನೆಯನ್ನು ಪರಭಾರೆ ಮಾಡುವುದು ಒಂದು. ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಮರದ ಲೆಕ್ಕದಲ್ಲಿ ಮಾರುವುದು ಇನ್ನೊಂದು. ಸಂಶೋಧಕರು ಹೆಚ್ಚು ಚಿಂತಿಸಬೇಕಾದುದು ಈ ಎರಡನೆಯದರ ಬಗೆಗೆ.

ವಾಡೆಯ ರಚನೆಯೇ ಇದಕ್ಕೆ ಎಡೆಮಾಡಿದೆ. ಹೆಬ್ಬಾಗಿಲು, ಅದರ ಇಕ್ಕೆಲದ ಕಟ್ಟೆ, ಒಳಗೆ ತೆರೆದ ಅಂಗಳ, ಅದರ ಸುತ್ತ ಪಡಸಾಲೆ. ಪಡಸಾಲೆಯ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತು, ಬೋದಿಗೆಯ ಮೂಲಕ ತೊಲೆಯನ್ನೂ ತೊಲೆಯ ಮೂಲಕ ಜಂತಿಗಳನ್ನೂ ಹೊರುತ್ತವೆ. ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಹುಲ್ಲು ಹುಟ್ಟದ ಸವುಳು ಮಣ್ಣನ್ನು ಅದಕ್ಕೆ ಆಯ್ದು ಹಾಕುವುದರಲ್ಲಿ ಬಯಲುಸೀಮೆಯ ಅನುಭವ ಅಡಗಿದೆ. ಮರದ ಭಾಗಗಳು ಕೂಡುವುದು ಬಹುಮಟ್ಟಿಗೆ ಕುಳಿ-ಕೂಸುಗಳ ಜೋಡಣೆಯಿಂದ. ಆದುದರಿಂದ ಅವು ಮುರಿಯದೆ ಬಿಚ್ಚಿಕೊಳ್ಳುತ್ತವೆ. ಗೋಡೆ, ಮಾಳಿಗೆ, ನೆಲದಡಿಯ ಹಗೇವು ಹಾಗಲ್ಲ. ಮರ ಹೋದೊಡನೆ ಅವು ಬರಿಯ ಮಣ್ಣು. ಕೆತ್ತನೆಯ ಬಾಗಿಲ ಚೌಕಟ್ಟು ನಗರದ ಬಂಗಲೆಯಲ್ಲಿ ಕನ್ನಡಿಯ ಅಂಚಾಗಿ ಉಳಿದೀತು, ಆದರೆ ಯಾವ ದಿಕ್ಕಿಗೆ ಯಾವ ಕೋಣೆಗೆ ತೆರೆಯುತ್ತಿತ್ತೆಂಬುದು ಉಳಿಯದು.

ಬಿಚ್ಚಿದ್ದೆಲ್ಲ ನಷ್ಟವೆನ್ನುವಂತಿಲ್ಲ. ನೆರೆಯ ಮುಧೋಳದ ಅರಮನೆಯ ದರ್ಬಾರ್ ಸಭಾಂಗಣವು ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರುಜೋಡಣೆಗೊಂಡಿದೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನು ಕಾಣಬಹುದು. ಆದರೂ ಬಾಗಲಕೋಟೆ ಜಿಲ್ಲೆಯ ಮನೆಯನ್ನು ಅರಿಯಲು ಕಡಲ ತೀರಕ್ಕೆ ಹೋಗಬೇಕಾದುದು ಸೋಜಿಗವೇ ಸರಿ.

ಕಾನೂನಿನ ಸ್ಥಿತಿ ವಿಚಿತ್ರವಾಗಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ವ್ಯಾಖ್ಯೆಯಲ್ಲಿ, ಕಟ್ಟಡದಿಂದ ಬೇರ್ಪಡಿಸಿದ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವೂ ಪುರಾವಸ್ತುವೇ. ಖಾಸಗಿಯವರು ಅದನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಅಂದರೆ ಬಾಗಿಲನ್ನು ಕಿತ್ತ ಮೇಲೆ ಈ ಮಾತು ಅದಕ್ಕೆ ಅನ್ವಯಿಸುತ್ತದೆ; ಕೀಳದಂತೆ ತಡೆಯಲು ಇದರಿಂದ ನೆರವಿಲ್ಲ.

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಅನುಮತಿಸಿತು. 2025ರಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ವಾಡೆಯನ್ನು ಎಕರೆಯಿಂದ ಅಳೆಯಲಾಗದು. ಚದರಳತೆಯಿಂದ ಅಳೆದು ಸವಕಳಿ ಕಳೆದರೆ ಇನ್ನೂರು ವರ್ಷದ ತೇಗದ ಕಂಬಕ್ಕೆ ಬೆಲೆಯೇ ಉಳಿಯದು; ಮಾಲೀಕನು ಮರದ ವ್ಯಾಪಾರಿಯನ್ನು ಕರೆದರೆ ಅವನನ್ನು ದೂರುವುದು ನ್ಯಾಯವಲ್ಲ. 2013ರ ಭೂಸ್ವಾಧೀನ ಅಧಿನಿಯಮದ 29ನೆಯ ಪ್ರಕರಣವು ಕಟ್ಟಡದ ಬೆಲೆ ಕಟ್ಟಲು ಅಭಿಯಂತರನನ್ನು ಮಾತ್ರವಲ್ಲದೆ ಆಯಾ ಕ್ಷೇತ್ರದ ತಜ್ಞನನ್ನೂ ಬಳಸಿಕೊಳ್ಳಲು ಅವಕಾಶವಿತ್ತಿದೆ. ಮರಗೆಲಸ ಬಲ್ಲ ಬಡಿಗನೊಬ್ಬನನ್ನೂ ಹಳೆಯ ಮನೆಗಳ ನಕ್ಷೆ ತೆಗೆಯಬಲ್ಲವನೊಬ್ಬನನ್ನೂ ಈ ಪ್ರಕರಣದಡಿ ಕರೆದು, ಒಂದೊಂದು ತೊಲೆಗೂ ಸಂಖ್ಯೆ ಬರೆಯಿಸಿದ ಬಳಿಕ ಬಿಚ್ಚಲು ಒಪ್ಪಿಗೆ ಕೊಡುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ.