ಮಿದುಳಿನ ನಾಲೆಯ ರಿಪೇರಿ

ಚಾಮರಾಜನಗರದ ಸುತ್ತಿನ ಬೇಸಾಯಗಾರನಿಗೆ ನೀರಿನ ನಡತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲೆಯ ಏರಿ ಒಂದು ಕಡೆ ಸಡಿಲವಾಗಿ ಹೊಟ್ಟೆ ಬಿಟ್ಟಿತೆಂದರೆ ಅದು ಇಂದಲ್ಲ ನಾಳೆ ಒಡೆದೀತೆಂದು ಅವನಿಗೆ ಗೊತ್ತು. ಅಲ್ಲಿಗೆ ಮಣ್ಣು ಸುರಿದು ನಾಲೆಯನ್ನೇ ಮುಚ್ಚಿಬಿಟ್ಟರೆ ಒಡಕಿನ ಭಯವೇನೋ ತಪ್ಪುತ್ತದೆ. ಆದರೆ ಕೆಳಗಿನ ಗದ್ದೆ ಒಣಗುತ್ತದೆ. ಆದ್ದರಿಂದ ತಿಳಿದವನು ಮೊದಲು ಪಕ್ಕದಲ್ಲೊಂದು ಕವಲು ತೋಡಿ ನೀರನ್ನು ತಿರುಗಿಸುತ್ತಾನೆ. ಆಮೇಲೆ ಕೆಟ್ಟ ಜಾಗವನ್ನು ಕಟ್ಟುತ್ತಾನೆ. ನಾನು ಇಲ್ಲಿ ಹೇಳಹೊರಟಿರುವ ಶಸ್ತ್ರಚಿಕಿತ್ಸೆಯ ಗುಟ್ಟು ಇಷ್ಟೇ. ನಾಲೆ ಮಾತ್ರ ನಮ್ಮ ಮಿದುಳಿನಲ್ಲಿದೆ. ಅದರ ಅಗಲ ಕೆಲವೇ ಮಿಲಿಮೀಟರು.

ಮಿದುಳಿನ ತೂಕ ದೇಹದ ತೂಕದಲ್ಲಿ 50ರಲ್ಲಿ ಒಂದು ಪಾಲು. ಆದರೂ ನಾವು ಉಸಿರಾಡಿ ಪಡೆದ ಆಮ್ಲಜನಕದಲ್ಲಿ 5ರಲ್ಲಿ ಒಂದು ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಇಷ್ಟು ದೊಡ್ಡ ಬೇಡಿಕೆಯನ್ನು ಪೂರೈಸಲು ಕತ್ತಿನ ಮೂಲಕ 4 ರಕ್ತನಾಳಗಳು ಮೇಲೇರುತ್ತವೆ. ಮಿದುಳಿನ ತಳದಲ್ಲಿ ಇವೆಲ್ಲ ಸೇರಿ ಒಂದು ಬಳೆಯಂತಾಗುತ್ತವೆ. ಈ ಬಳೆಯನ್ನು 1664ರಲ್ಲಿ ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್‌ನ ಹೆಸರೇ ಅದಕ್ಕೆ ಉಳಿದಿದೆ. ನಾಳಗಳು ಕವಲೊಡೆಯುವ ಜಾಗದಲ್ಲಿ ರಕ್ತದ ಹೊಡೆತ ಹೆಚ್ಚು. ಅಲ್ಲಿಯ ಗೋಡೆ ತೆಳುವಾದರೆ, ಹಳೆಯ ಸೈಕಲ್ ಟ್ಯೂಬಿನಲ್ಲಿ ಕಾಣುವಂಥ ಗುಳ್ಳೆಯೊಂದು ಮೂಡುತ್ತದೆ. ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ನಾವು ನಾಳದ ಉಬ್ಬು ಎನ್ನೋಣ.

ಇದನ್ನು ಓದಿ ಯಾರೂ ಗಾಬರಿಯಾಗಬೇಕಾಗಿಲ್ಲ. ವಯಸ್ಕರಲ್ಲಿ ಸುಮಾರು 100ಕ್ಕೆ 3 ಜನರಲ್ಲಿ ಇಂಥ ಉಬ್ಬು ಇರುತ್ತದೆ. ಅವುಗಳಲ್ಲಿ ಬಹುಪಾಲು ಜೀವಮಾನವಿಡೀ ಒಡೆಯುವುದಿಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಸಣ್ಣ ಉಬ್ಬು ಕಂಡುಬಂದರೆ, ಎಷ್ಟೋ ವೇಳೆ ವೈದ್ಯರು ಕತ್ತಿ ಹಿಡಿಯುವುದಿಲ್ಲ. ಕಾಲಕಾಲಕ್ಕೆ ನೋಡುತ್ತ, ರಕ್ತದೊತ್ತಡವನ್ನು ಹತೋಟಿಯಲ್ಲಿಡುತ್ತ ಹೋಗುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ, ರಕ್ತದೊತ್ತಡ ಏರಿದವರಿಗೆ, ಮನೆತನದಲ್ಲಿ ಈ ರೋಗವಿದ್ದವರಿಗೆ ಅಪಾಯ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಉಬ್ಬು ಹೆಚ್ಚಾಗಿ ಕಾಣುತ್ತದೆ.

ಆದರೆ ಒಡೆದರೆ? ಮಿದುಳಿನ ಸುತ್ತಲಿನ ಪೊರೆಯೊಳಕ್ಕೆ ರಕ್ತ ನುಗ್ಗುತ್ತದೆ. ಒಡೆದವರಲ್ಲಿ ಮೂವರಿಗೆ ಒಬ್ಬರಾದರೂ ಉಳಿಯುವುದಿಲ್ಲ. ಉಳಿದವರಲ್ಲಿ ಅದೇ ಉಬ್ಬು ಎರಡನೆಯ ಸಲ ಒಡೆಯುವ ಭಯವುಂಟು; ಆ ಭಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು. ಆದುದರಿಂದ ಸಾಧ್ಯವಾದಮಟ್ಟಿಗೆ ಅಷ್ಟರೊಳಗೇ ಅದನ್ನು ಭದ್ರಪಡಿಸಬೇಕೆಂಬುದು ಇಂದಿನ ವೈದ್ಯರ ಅಭಿಮತ.

ಭದ್ರಪಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಲವರು ಶ್ರಮಿಸಿದರು. ನಾಳಗಳು ಎಕ್ಸ್‌ರೇಯಲ್ಲಿ ಕಾಣುವಂತೆ ಅವುಗಳೊಳಕ್ಕೆ ದ್ರವ ಹಾಯಿಸುವ ಉಪಾಯವನ್ನು 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕಂಡುಹಿಡಿದರು. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಎಂಬ ಶಸ್ತ್ರವೈದ್ಯರು ಒಡೆದ ಉಬ್ಬಿಗೆ ರೋಗಿಯ ತೊಡೆಯಿಂದಲೇ ತೆಗೆದ ಸ್ನಾಯುವಿನ ತುಂಡನ್ನು ಸುತ್ತಿ ರಕ್ತ ನಿಲ್ಲಿಸಿದರು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿಯವರು ಉಬ್ಬಿನ ಕತ್ತಿಗೆ ಬೆಳ್ಳಿಯ ಪುಟ್ಟ ಕ್ಲಿಪ್ಪನ್ನು ಹಾಕಿ ಮುಚ್ಚಿದರು. ತಂತಿಯ ಮೇಲೆ ಬಟ್ಟೆ ಹಾರಿಹೋಗದಂತೆ ನಾವು ಕ್ಲಿಪ್ಪು ಹಾಕುತ್ತೇವಲ್ಲ, ಅದೇ ರೀತಿ. ಇಂದಿಗೂ ತಲೆಬುರುಡೆ ತೆರೆದು ಮಾಡುವ ಚಿಕಿತ್ಸೆಯ ಮೂಲ ಇದೇ. ಬೆಳ್ಳಿ ಹೋಗಿ ಟೈಟಾನಿಯಂ ಬಂದಿದೆ, ಬರಿಗಣ್ಣಿನ ಬದಲು ಸೂಕ್ಷ್ಮದರ್ಶಕ ಬಂದಿದೆ.

ನಮ್ಮ ನಾಡಿನಲ್ಲಿ ಈ ವಿದ್ಯೆ ಬೇರೂರಿದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ನರಶಸ್ತ್ರಚಿಕಿತ್ಸಾ ವಿಭಾಗವನ್ನು 1958ರಿಂದ ಕಟ್ಟಿ ಬೆಳೆಸಿದವರು ಡಾ. ಆರ್. ಎಂ. ವರ್ಮ. 1974ರಲ್ಲಿ ಆ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ, ಇಂದು ಎಲ್ಲರ ಬಾಯಲ್ಲಿರುವ ನಿಮ್ಹಾನ್ಸ್ ಆಯಿತು. ವರ್ಮರೇ ಅದರ ಮೊದಲ ನಿರ್ದೇಶಕರು.

ಎಲ್ಲ ಉಬ್ಬುಗಳಿಗೂ ಒಂದು ಕ್ಲಿಪ್ಪು ಸಾಕಾಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಕೆಲವು ಉಬ್ಬುಗಳು ಜಟಿಲ. ಒಂದಕ್ಕೆ ಕತ್ತೇ ಇಲ್ಲ. ಬುಡ ಅಗಲವಾಗಿದ್ದು ಕ್ಲಿಪ್ಪು ಜಾರುತ್ತದೆ. ಇನ್ನೊಂದು 25 ಮಿಲಿಮೀಟರಿಗೂ ಮೀರಿ ನಿಂಬೆಹಣ್ಣಿನಷ್ಟು ಬೆಳೆದಿರುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತ, ಹೊರಗೆ ಸುಣ್ಣಗಟ್ಟಿದ ಗೋಡೆ. ಮತ್ತೊಂದರ ಒಡಲಿನಿಂದಲೇ ಮಾತಿನ ಕೇಂದ್ರಕ್ಕೋ ಕೈಕಾಲಿನ ಕೇಂದ್ರಕ್ಕೋ ಹೋಗುವ ನಾಳ ಹೊರಟಿರುತ್ತದೆ. ಉಬ್ಬನ್ನು ಮುಚ್ಚಿದರೆ ಆ ನಾಳವೂ ಮುಚ್ಚೀತು. ಪ್ರಾಣ ಉಳಿದರೂ ಮಾತು ಹೋದೀತು.

ಇಲ್ಲಿಯೇ ನಮ್ಮ ನಾಲೆಯ ಲೆಕ್ಕ ಬರುವುದು. ನಾಳವನ್ನು ಮುಚ್ಚುವ ಮೊದಲು, ಮುಚ್ಚಿದರೆ ಮಿದುಳು ತಾಳೀತೆ ಎಂದು ಪರೀಕ್ಷಿಸುತ್ತಾರೆ. ರೋಗಿ ಎಚ್ಚರವಾಗಿರುವಾಗಲೇ ಸಣ್ಣ ಬಲೂನೊಂದನ್ನು ನಾಳದೊಳಗೆ ಊದಿ, ಸ್ವಲ್ಪ ಹೊತ್ತು ರಕ್ತವನ್ನು ತಡೆಯುತ್ತಾರೆ. “ಕೈ ಎತ್ತಿ, ನಿಮ್ಮ ಹೆಸರು ಹೇಳಿ” ಎನ್ನುತ್ತಾರೆ. ಕೈ ಏಳುತ್ತದೆ, ಮಾತು ಬರುತ್ತದೆ ಎಂದಾದರೆ ಬೇರೆ ನಾಳಗಳು ಕೊರತೆಯನ್ನು ತುಂಬಬಲ್ಲವೆಂಬ ಭರವಸೆ ಬರುತ್ತದೆ. ಕೈ ಸೋತರೆ ಬಲೂನನ್ನು ಕೂಡಲೇ ಇಳಿಸುತ್ತಾರೆ. ಕವಲು ತೋಡದೆ ವಿಧಿಯಿಲ್ಲ ಎಂದು ತಿಳಿಯುತ್ತದೆ.

ಕಿವಿಯ ಮುಂದೆ, ಕೆನ್ನೆಯ ಮೂಳೆಗೆ ತುಸು ಮೇಲೆ ಬೆರಳಿಟ್ಟು ನೋಡಿ. ಅಲ್ಲೊಂದು ನಾಳ ಮಿಡಿಯುತ್ತದೆ. ಅದು ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ನಾಳ. ಶಸ್ತ್ರವೈದ್ಯರು ಅದನ್ನು ನಾಜೂಕಾಗಿ ಬಿಡಿಸಿ, ತಲೆಬುರುಡೆಯಲ್ಲಿ ಕೊರೆದ ಕಿಟಕಿಯೊಳಗೆ ಇಳಿಸಿ, ಮಿದುಳಿನ ಮೇಲಿನ ನಾಳಕ್ಕೆ ಹೊಲಿಯುತ್ತಾರೆ. ದಾರ ತಲೆಗೂದಲಿಗಿಂತಲೂ ತೆಳು. ನಾಳದ ಅಗಲ ಒಂದೆರಡು ಮಿಲಿಮೀಟರು. ಇದನ್ನು 1967ರಲ್ಲಿ ಜ್ಯೂರಿಕ್ಕಿನಲ್ಲಿ ಮೊದಲು ಮಾಡಿ ತೋರಿಸಿದವರು ತುರ್ಕಿ ಮೂಲದ ಗಾಜಿ ಯಾಸರ್ಗಿಲ್. ಹೆಚ್ಚು ರಕ್ತ ಬೇಕಾದ ಕಡೆ ಮುಂಗೈಯ ನಾಳವನ್ನೋ ಕಾಲಿನ ರಕ್ತನಾಳವನ್ನೋ ತೆಗೆದು, ಕತ್ತಿನಿಂದ ಮಿದುಳಿಗೆ ಸೇತುವೆಯಂತೆ ಜೋಡಿಸುತ್ತಾರೆ. ಹೊಸ ದಾರಿಯಲ್ಲಿ ರಕ್ತ ಹರಿಯಿತೆಂದು ಖಚಿತವಾದ ಮೇಲೆಯೇ ಉಬ್ಬಿನ ಎರಡೂ ಬದಿ ಕಟ್ಟಿ ಅದನ್ನು ಸೆರೆಹಾಕುತ್ತಾರೆ.

ತಲೆ ತೆರೆಯದೆ ಮಾಡುವ ಉಪಾಯಗಳೂ ಇವೆ. ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ನೂಲಿನಂಥ ಕೊಳವೆಯನ್ನು ಮಿದುಳಿನವರೆಗೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ಕ್ರಮ 1990ರ ದಶಕದಲ್ಲಿ ಬಳಕೆಗೆ ಬಂತು. ಉಬ್ಬಿನ ಬಾಯಿಗೆ ಅಡ್ಡವಾಗಿ ಜಾಲರಿಯ ಕೊಳವೆಯಿಟ್ಟು ರಕ್ತವನ್ನು ನೇರ ದಾರಿಗೆ ಹಚ್ಚುವ ಕ್ರಮ ಈಚಿನದು. ಇದರಿಂದ ಎಷ್ಟೋ ರೋಗಿಗಳಿಗೆ ದೊಡ್ಡ ಶಸ್ತ್ರಕ್ರಿಯೆ ತಪ್ಪಿದೆ. ಯಾವುದು ಯಾರಿಗೆ ತಕ್ಕುದೆಂಬುದನ್ನು ಉಬ್ಬಿನ ಆಕಾರ, ಇರುವ ಜಾಗ, ರೋಗಿಯ ವಯಸ್ಸು ಇವನ್ನು ನೋಡಿ ಎರಡೂ ಬಗೆಯ ತಜ್ಞರು ಕೂಡಿ ತೀರ್ಮಾನಿಸುತ್ತಾರೆ. ಯಾವ ದಾರಿಯಲ್ಲೂ ಅಪಾಯ ಪೂರ್ತಿ ಇಲ್ಲವೆಂದಿಲ್ಲ. ಒಡೆದ ಉಬ್ಬನ್ನು ಮುಚ್ಚಿದ ಮೇಲೂ ಎರಡು ವಾರದವರೆಗೆ ನಾಳಗಳು ಸೆಟೆದುಕೊಳ್ಳುವ ಭಯವಿರುವುದರಿಂದ ಆಸ್ಪತ್ರೆಯ ಕಾವಲು ಬೇಕೇಬೇಕು.

ಇಷ್ಟೆಲ್ಲ ವಿದ್ಯೆ ಬೆಳೆದರೂ, ಮೊದಲ ಹೆಜ್ಜೆ ಇಡಬೇಕಾದವರು ಮನೆಯವರೇ. ಗುಂಡ್ಲುಪೇಟೆಯ ಒಂದು ಮನೆಯನ್ನು ನೆನೆಯಿರಿ. ಆರೋಗ್ಯವಾಗಿದ್ದ ಗೃಹಿಣಿ ಒಲೆಯ ಮುಂದೆ ನಿಂತಿದ್ದಾಗ ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕೂರುತ್ತಾಳೆ. “ಇಂಥ ನೋವು ಹುಟ್ಟಿದಾಗಿನಿಂದ ಕಂಡಿಲ್ಲ” ಎನ್ನುತ್ತಾಳೆ, ವಾಂತಿ ಮಾಡುತ್ತಾಳೆ. ಅತ್ತೆ “ಪಿತ್ತ ಕೆದರಿದೆ, ನಿಂಬೆ ಪಾನಕ ಕೊಡಿ” ಎನ್ನುತ್ತಾರೆ. ನೆರೆಯವರು “ದೃಷ್ಟಿಯಾಗಿದೆ” ಎನ್ನುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಹಾಗೆ ಬೆಳಗಾಗುವವರೆಗೆ ಕಾದರೆ, ಎರಡನೆಯ ಒಡಕಿಗೆ ನಾವೇ ಸಮಯ ಕೊಟ್ಟಂತಾಯಿತು.

ತಲೆನೋವೆಲ್ಲ ಇದಲ್ಲ, ಮೆಲ್ಲಗೆ ಏರುವ, ಹಿಂದೆಯೂ ಬಂದುಹೋದ ನೋವಿಗೆ ಕಾರಣ ಸಾಮಾನ್ಯವಾಗಿ ಬೇರೆ. ಸಿಡಿಲಿನಂತೆ ಎರಗಿ ಒಂದು ನಿಮಿಷದೊಳಗೇ ತುತ್ತತುದಿಗೇರುವ ನೋವು, ಜೊತೆಗೆ ವಾಂತಿ, ಕತ್ತಿನ ಬಿಗಿತ, ಬೆಳಕು ಸಹಿಸದಿರುವುದು, ಮೂರ್ಛೆ, ಒಂದು ಕಣ್ಣಿನ ರೆಪ್ಪೆ ಇಳಿಬೀಳುವುದು: ಇವು ಕಂಡರೆ ತಡಮಾಡಬೇಡಿ. ನೋವು ಶುರುವಾದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಆಸ್ಪಿರಿನ್ ಕೊಡಬೇಡಿ, ಅದು ರಕ್ತ ಹೆಪ್ಪುಗಟ್ಟಲು ಬಿಡದು. ಮಂಪರಿನಲ್ಲಿರುವವರ ಬಾಯಿಗೆ ಪಾನಕ, ಕಾಫಿ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಮೊದಲು ಬೇಕಾದದ್ದು ಸಿ.ಟಿ. ಸ್ಕ್ಯಾನ್. ಮೊದಲ 6 ಗಂಟೆಗಳೊಳಗೆ ಮಾಡಿದರೆ ಹರಿದ ರಕ್ತ ಅದರಲ್ಲಿ ಬಹುಮಟ್ಟಿಗೆ ಕಂಡೇ ಕಾಣುತ್ತದೆ; ತಡವಾದಷ್ಟೂ ಗುರುತು ಮಸುಕಾಗುತ್ತದೆ.

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರು. ಅಲ್ಲಿಂದ ಬೆಂಗಳೂರು ಮತ್ತೆ 145. ಖರ್ಚಿನ ಚಿಂತೆಯಿರುವವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವು ತಮಗೆ ದೊರೆಯುವುದೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆದರೆ ಆ ವಿಚಾರಣೆಗಾಗಿ ಹೊರಡುವುದನ್ನು ತಡಮಾಡಬಾರದು. ಆ ದಾರಿ ಉದ್ದವೇ. ಅದನ್ನು ಗಿಡ್ಡ ಮಾಡುವುದು ನಮ್ಮ ಕೈಯಲ್ಲಿಲ್ಲ. ಹೊರಡುವ ಗಳಿಗೆ ಮಾತ್ರ ನಮ್ಮ ಕೈಯಲ್ಲಿದೆ. ಏರಿ ಒಡೆದ ಸುದ್ದಿ ಬಂದಾಗ ಊರಿನವರು ಗುದ್ದಲಿ ಹಿಡಿದು ಓಡುತ್ತಾರಲ್ಲ, ಆ ಓಟ ಮನೆಯವರದೂ ಆಗಲಿ.